ಬೆರಳಗಲದ ಗಾಜು

ರಾಯಣ ಪೋಳ್‌ನಲ್ಲಿ ಸತ್ತವರೆಲ್ಲ ಕೊನೆಗೊಮ್ಮೆ ಪ್ರಬೋಧ್‌ಭಾಯಿಯ ಅಂಗಡಿಗೆ ಬರಲೇಬೇಕು. ಅಹಮದಾಬಾದಿನ ಹಳೆಯ ಊರಿನೊಳಗೆ, ಆ ಇಕ್ಕಟ್ಟು ಕೇರಿಯ ಹೆಬ್ಬಾಗಿಲಿಗೆ ಅಂಟಿಕೊಂಡಿರುವ ಫೋಟೋ ಕಟ್ಟಿನ ಅಂಗಡಿ ಅದು. ಹದಿಮೂರನೆಯ ದಿನದೊಳಗೆ ಕಟ್ಟು ಹಾಕಿಸಿ, ಗಂಧದ ಹಾರ ತೊಡಿಸಿ ಗೋಡೆಗೆ ಏರಿಸಿದರೇ ಸತ್ತವರು ಸತ್ತಂತೆ ಲೆಕ್ಕ. ಅಂಗಡಿಯಿಂದ ಮನೆಗೆ ನೂರ ನಲವತ್ತು ಹೆಜ್ಜೆ, ದೇವಸ್ಥಾನಕ್ಕೆ ಅರವತ್ತು, ತರಕಾರಿಯವಳ ಬುಟ್ಟಿಗೆ ತೊಂಬತ್ತು. ಐವತ್ತೆಂಟು ವರ್ಷದಲ್ಲಿ ಪ್ರಬೋಧ್‌ಭಾಯಿ ಸೈಕಲ್ಲನ್ನೂ ತುಳಿದವನಲ್ಲ. ನದಿಯಾಚೆಯ ಫ್ಲಾಟುಗಳಿಗೆ ಹೋದ ನೆಂಟರು ಸಿಕ್ಕರೆ, ಕೊತ್ತಂಬರಿ ಸೊಪ್ಪು ತರೋಕೂ ಕಾರು ತೆಗೆಯೋ ದರಿದ್ರ ಬಂತಲ್ಲಪ್ಪ ನಿಮಗೆ ಎಂದು ಕಿಚಾಯಿಸುತ್ತಿದ್ದ.

ಅವನ ಮನೆ ಅಜ್ಜನ ಅಜ್ಜ ಕಟ್ಟಿಸಿದ್ದು. ಮೂರು ಅಂತಸ್ತು, ಸಾಗುವಾನಿಯ ಕೆತ್ತನೆ ಕಂಬ, ನಡುವೆ ಅಂಗಳ, ಅಂಗಳದ ಕೆಳಗೆ ಮಳೆನೀರಿನ ತೊಟ್ಟಿ. ಈ ಕೇರಿಯ ಮನೆಗಳು ಒಂದೊಂದೇ ನಿಂತವಲ್ಲ, ಎರಡು ಮನೆಗೆ ನಡುವಿನ ಗೋಡೆ ಒಂದೇ. ಬೆನ್ನಿಗೆ ಬೆನ್ನು ಕೊಟ್ಟು ಕೂತವರಲ್ಲಿ ಒಬ್ಬ ಎದ್ದರೆ ಇನ್ನೊಬ್ಬನ ಗತಿ ಏನೆಂದು ಎಲ್ಲರಿಗೂ ಗೊತ್ತು. ಆದರೂ ಪಕ್ಕದ ಮನೆಯ ಶಿರೀಷ್‌ಭಾಯಿ ಎದ್ದ. ತನ್ನ ಮನೆಯ ಕಂಬ, ಕಿಟಕಿ, ಬಾಗಿಲುಗಳನ್ನೆಲ್ಲ ಹಳೆಯ ಮರದ ವ್ಯಾಪಾರಿಗೆ ಕೊಟ್ಟು, ಉಳಿದದ್ದನ್ನು ಕೆಡವಿಸಿ ನದಿ ದಾಟಿದ. ಹಲ್ಲು ಕಿತ್ತ ಜಾಗದಂತೆ ಒಂದು ಸಂದು ಉಳಿಯಿತು. ನಡುವಿನ ಗೋಡೆಯ ಮೇಲೆ ಅವರ ಅಡುಗೆಮನೆಯ ಮಸಿ, ಕ್ಯಾಲೆಂಡರ್ ತೂಗುಹಾಕುತ್ತಿದ್ದ ಮೊಳೆ, ದೇವರ ಗೂಡು, ಎಲ್ಲ ಬೀದಿಗೆ ಬಿದ್ದವು. ಎರಡು ವರ್ಷದಲ್ಲಿ ಕೇರಿಯಲ್ಲಿ ಹೀಗೆ ಕಿತ್ತುಹೋದದ್ದು ಇದು ಮೂರನೆಯ ಮನೆ.

ಆ ಮಳೆಗಾಲ ಗೋಡೆ ನೆನೆಯಿತು. ಭಾದ್ರಪದದಲ್ಲಿ ಮೆಟ್ಟಿಲ ಕೆಳಗಿನ ಕಾಳಿನ ಕೋಣೆಯಲ್ಲಿ ಬಿರುಕು ಕಂಡಿತು. ಕೇರಿಯವರೆಲ್ಲ ಸೇರಿ ಒಬ್ಬ ಇಂಜಿನಿಯರನ್ನು ಕರೆಸಿದರು. ಅವನು ಹನ್ನೊಂದು ಮನೆಗಳಲ್ಲಿ ಬಿರುಕು ಹುಡುಕಿ, ಪ್ರತಿಯೊಂದಕ್ಕೂ ಅಡ್ಡಲಾಗಿ ಬೆರಳಗಲದ ಒಂದು ಗಾಜಿನ ಪಟ್ಟಿ ಇಟ್ಟು, ಎರಡು ತುದಿಗೂ ಗಾರೆ ಮೆತ್ತಿ, ಪಕ್ಕದಲ್ಲಿ ಕೆಂಪು ಬಣ್ಣದಿಂದ ತಾರೀಖು ಬರೆದ. ಗೋಡೆ ಕೂದಲೆಳೆಯಷ್ಟು ಸರಿದರೂ ಗಾಜು ಒಡೆಯುತ್ತದೆ, ಒಡೆದ ದಿನವೇ ಮನೆ ಬಿಡಿ, ಗಾಜು ಸುಳ್ಳು ಹೇಳುವುದಿಲ್ಲ ಎಂದು ಹೇಳಿ ಹೋದ. ಗಾಜು ಸುಳ್ಳು ಹೇಳುವುದಿಲ್ಲ, ನಿಜ. ಗಾಜು ಅಂಟಿಸುವವರ ಮಾತನ್ನು ಅವನು ಎತ್ತಲೇ ಇಲ್ಲ.

ಮಗ ಕೌಶಲ್ ಆಗಲೇ ನದಿಯಾಚೆ ಒಂದು ಫ್ಲಾಟು ನೋಡಿಟ್ಟಿದ್ದ. ಸೊಸೆ ಬಿಜಲ್‌ಳ ಮಡಿಲಲ್ಲಿ ಹನ್ನೊಂದು ತಿಂಗಳ ಹೇತ್ವಿ. ಊಟದ ಹೊತ್ತಿನಲ್ಲಿ ದಿನಾ ಅದೇ ಜಗಳ. ಕೊನೆಗೆ ಗಾಜಿನ ಮೇಲೆ ಒಪ್ಪಂದವಾಯಿತು. ಅದು ಇರುವ ತನಕ ಮನೆ ಬಿಡುವ ಮಾತನ್ನು ಯಾರೂ ಎತ್ತಕೂಡದು, ಅದು ಒಡೆದ ದಿನ ಪ್ರಬೋಧ್‌ಭಾಯಿ ತುಟಿ ಪಿಟಕ್ಕೆನ್ನದೆ ಹೊರಡಬೇಕು. ಅಪ್ಪ ಮಗನ ಅಂಗೈ ಮೇಲೆ ಅಂಗೈ ಇಟ್ಟ. ಅಂದಿನಿಂದ ಕೌಶಲ್ ಪ್ರತಿ ಭಾನುವಾರ ಟಾರ್ಚ್ ಹಿಡಿದು ಕಾಳಿನ ಕೋಣೆಗೆ ಹೋಗಿ ನೋಡಿಬರುತ್ತಿದ್ದ.

ನವರಾತ್ರಿಗೆ ನಾಲ್ಕು ದಿನವಿದ್ದಾಗ ಗಾಜು ಒಡೆಯಿತು. ಬೆಳಗಿನ ಹೊತ್ತು ಮೊದಲು ನೋಡಿದವನು ಪ್ರಬೋಧ್‌ಭಾಯಿ. ನಟ್ಟನಡುವೆ ಒಂದು ಗೆರೆ, ಅಷ್ಟೇ. ಹಬ್ಬ ಒಂದು ಕಳೆಯಲಿ ಎಂದುಕೊಂಡ. ಅಂಗಡಿಗೆ ಹೋಗಿ ಬೆರಳಗಲ ಗಾಜು ಕೊಯ್ದು, ಪಂಚೆಯ ಮಡಿಕೆಯಲ್ಲಿಟ್ಟು ತಂದು, ಗಾರೆ ಕಲಸಿ ಅಂಟಿಸಿದ. ಕೆಂಪು ತಾರೀಖು ಪಕ್ಕದಲ್ಲಿ ಹಾಗೇ ಇತ್ತು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತದೆ ಎಂದು ನಗುತ್ತೇವೆ. ಕಣ್ಣು ಮುಚ್ಚಿಕೊಂಡರೆ ಹಾಲು ಎಷ್ಟು ರುಚಿ ಎಂದು ಆ ಬೆಕ್ಕನ್ನೇ ಕೇಳಬೇಕು. ದೀಪಾವಳಿಯ ಮಾರನೆಯ ವಾರ ಇನ್ನೊಮ್ಮೆ ಒಡೆಯಿತು, ಡಿಸೆಂಬರಿನಲ್ಲಿ ಮತ್ತೊಮ್ಮೆ. ಮೂರು ಸಲವೂ ಅವನು ಅದೇ ಮಾಡಿದ. ನಾಲ್ಕು ತಿಂಗಳಲ್ಲಿ ಮೂರೇ ಸಲ ತಾನೆ, ಮುದುಕರ ಮಂಡಿಯೂ ಇದಕ್ಕಿಂತ ಹೆಚ್ಚು ಲಟಲಟ ಎನ್ನುತ್ತದೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ.

ಸುಳ್ಳು ಹೇಳುವವನಿಗೆ ಬೇರೆಯವರ ಮಾತು ನಂಬುವುದು ಬಲು ಸುಲಭ. ಆ ಚಳಿಗಾಲ ಅಂಗಡಿಗೆ ಸಣ್ಣ ಗಿರಾಕಿಗಳು ಹೆಚ್ಚಾದರು. ಎದುರುಮನೆಯ ರಮಣಿಕ್‌ಭಾಯಿ ಬಂದು, ದೇವರ ಮಂಟಪಕ್ಕೆ ಬೇಕಾಗಿತ್ತು, ಬೆರಳಗಲದ ಒಂದು ತುಂಡು ಕೊಯ್ದುಕೊಡು ಎಂದ. ತುದಿಮನೆಯ ಡಾಕ್ಟರಮ್ಮ ಮೀನಿನ ತೊಟ್ಟಿಗೆಂದು ಕೇಳಿದಳು. ಇನ್ನೊಬ್ಬ ಮಗುವಿನ ಶಾಲೆಯ ಯಾವುದೋ ಕೆಲಸಕ್ಕೆ ಎಂದ. ಪ್ರಬೋಧ್‌ಭಾಯಿ ಕೊಯ್ದುಕೊಟ್ಟ. ನಿಮ್ಮನೇದು ಹೇಗಿದೆ ಎಂದು ಒಬ್ಬರೂ ಕೇಳದೇ ಇದ್ದದ್ದು ಅವನಿಗೆ ದೊಡ್ಡ ಉಪಕಾರವಾಗಿ ಕಂಡಿತು.

ಮನೆ ಮಾತ್ರ ತನ್ನ ಪಾಡಿಗೆ ಮಾತಾಡುತ್ತಲೇ ಇತ್ತು. ಮುಚ್ಚಿದ ಬೀರುವಿನ ಬಾಗಿಲು ಮೆಲ್ಲಗೆ ತೆರೆದುಕೊಳ್ಳುತ್ತಿತ್ತು. ಹೇತ್ವಿಯ ಚೆಂಡು ಎಲ್ಲಿ ಬಿಟ್ಟರೂ ಕಾಳಿನ ಕೋಣೆಯ ಕಡೆಗೇ ಉರುಳುತ್ತಿತ್ತು. ನಡುಮನೆಯ ತೂಗುಯ್ಯಾಲೆ ಒಂದು ಬದಿಗೆ ಎಳೆಯತೊಡಗಿತ್ತು. ಹೆಂಡತಿ ಸರಯೂಬೆನ್ ಮೂವತ್ತೆರಡು ವರ್ಷದಿಂದ ಮಾಡುತ್ತಿದ್ದಂತೆ ಮನೆಯನ್ನು ಬೈಯುತ್ತಿದ್ದಳು. ಮೆಟ್ಟಿಲು ಕಡಿದು, ನಲ್ಲಿಯಲ್ಲಿ ನೀರಿಲ್ಲ, ಪಾರಿವಾಳದ ಹೇಸಿಗೆ ಬಳಿದು ಬಳಿದು ಸೊಂಟ ಹೋಯಿತು, ನನ್ನ ಹಣೆಬರಹ. ಅವಳಿಗೆ ಗಾಜು ಒಡೆದ ಸುದ್ದಿ ಸಿಕ್ಕರೆ ಅರ್ಧ ಗಂಟೆಯಲ್ಲಿ ಗಂಟು ಕಟ್ಟುತ್ತಾಳೆಂದು ಪ್ರಬೋಧ್‌ಭಾಯಿ ಅವಳಿಂದಲೂ ಮುಚ್ಚಿಟ್ಟಿದ್ದ.

ಉತ್ತರಾಯಣ, ಸಂಕ್ರಾಂತಿಯ ಗಾಳಿಪಟದ ಹಬ್ಬ, ಬಂತು. ಆ ದಿನ ನದಿ ದಾಟಿ ಹೋದವರೆಲ್ಲ ಗಾಳಿಪಟ ಹಿಡಿದು ಹಿಂದಕ್ಕೆ ಬರುತ್ತಾರೆ, ಯಾಕೆಂದರೆ ಫ್ಲಾಟಿನಲ್ಲಿ ಎಲ್ಲ ಇದೆ, ತಾರಸಿಗೆ ತಾರಸಿ ತಾಗಿದ ಸುಖ ಇಲ್ಲ. ಬೆಳಿಗ್ಗೆ ಒಂಬತ್ತಕ್ಕೆಲ್ಲ ಪ್ರಬೋಧ್‌ಭಾಯಿಯ ತಾರಸಿಯಲ್ಲಿ ನಲವತ್ತು ಜನ. ಶಿರೀಷ್‌ಭಾಯಿಯೂ ಮೊಮ್ಮಕ್ಕಳ ಸಮೇತ ಬಂದಿದ್ದ, ತನ್ನದು ಕೆಡವಿದ ಮೇಲೆ ಇನ್ನೆಲ್ಲಿ ಹತ್ತಬೇಕು ಪಾಪ. ಧ್ವನಿವರ್ಧಕದ ಹಾಡು, ಎಳ್ಳಿನ ಚಿಕ್ಕಿ, ಕಬ್ಬು. ಒಂದು ಪಟ ಕತ್ತರಿಸಿದಾಗಲೆಲ್ಲ ನಲವತ್ತೂ ಜನ 'ಕಾಯ್ಪೋ ಛೇ' ಎಂದು ಕೂಗಿ ಒಟ್ಟಿಗೇ ಕುಣಿಯುತ್ತಿದ್ದರು.

ಹತ್ತನೆಯ ಸಲ ಕುಣಿದಾಗ ಪ್ರಬೋಧ್‌ಭಾಯಿ ಕೆಳಗಿಳಿದ. ಉಯ್ಯಾಲೆಯ ಸರಪಳಿ ಯಾರೂ ಕೂತಿಲ್ಲದೆ ಅಲುಗುತ್ತಿತ್ತು. ಕಾಳಿನ ಕೋಣೆಗೆ ಹೋಗಿ ಟಾರ್ಚ್ ಹಾಕಿದ. ಗಾಜು ಇಡಿಯಾಗಿತ್ತು. ಅವನಿಗೆ ಹೋದ ಜೀವ ಬಂದಂತಾಯಿತು. ಮುದ್ದಿನಿಂದಲೇ ಅದರ ಮೇಲೆ ಬೆರಳಾಡಿಸಿದ.

ಬೆರಳು ಅಲ್ಲೇ ನಿಂತಿತು. ನಲವತ್ತು ವರ್ಷ ಗಾಜು ಕೊಯ್ದ ಕೈ ಅದು. ಡಿಸೆಂಬರಿನಲ್ಲಿ ಅವನು ಅಂಟಿಸಿದ್ದು ಹೊಸ ಗಾಜು, ನುಣುಪು. ಇದು ಹಳೆಯದು, ಅಲೆಅಲೆಯಾಗಿ ಸವೆದದ್ದು, ಮೂಲೆಯಲ್ಲಿ ಎಳ್ಳುಕಾಳಿನಷ್ಟು ಒಂದು ಗುಳ್ಳೆ. ಆ ಗುಳ್ಳೆ ಅವನಿಗೆ ಗೊತ್ತಿತ್ತು. ಅವನ ಮದುವೆಯ ಫೋಟೋಗೆ ಅಪ್ಪ ಕಟ್ಟು ಹಾಕಿದಾಗ, ಅಂಗಡಿಯಲ್ಲಿ ಇರೋದೇ ಇದು, ಒಂದು ಗುಳ್ಳೆ ಇದೆ, ನಿನ್ನ ಹೆಂಡತಿಯ ಮುಖಕ್ಕೆ ದೃಷ್ಟಿಬೊಟ್ಟಾಯಿತು ಬಿಡು ಎಂದು ನಕ್ಕಿದ್ದ.

ಅವನು ಎರಡೆರಡು ಮೆಟ್ಟಿಲು ಹತ್ತಿ ನಡು ಅಂತಸ್ತಿನ ಕೋಣೆಗೆ ಹೋದ. ಮದುವೆಯ ಫೋಟೋಗೆ ಗಾಜಿರಲಿಲ್ಲ. ಪಕ್ಕದಲ್ಲಿ ಅಪ್ಪ, ಗಾಜಿಲ್ಲ. ಅಮ್ಮ, ಗಾಜಿಲ್ಲ. ಅಜ್ಜನ ಪೇಟದ ಮೇಲೆ ನೇರವಾಗಿ ಧೂಳು ಕೂತಿತ್ತು. ಊರಿನ ಸತ್ತವರಿಗೆಲ್ಲ ಕಟ್ಟು ಹಾಕುವವನು ತನ್ನ ಗೋಡೆಯನ್ನು ತಿಂಗಳುಗಟ್ಟಲೆ ನೋಡಿರಲಿಲ್ಲ. ನಾಲ್ಕು ಬರಿ ಕಟ್ಟುಗಳು. ಮದುವೆಯ ದಿನಗಳಲ್ಲಿ ಕೆಲಸ ಹೆಚ್ಚಾದಾಗ ಜೊತೆಗೆ ಕೂತು ಗಾಜು ಕೊಯ್ಯಲು ಈ ಮನೆಯಲ್ಲಿ ಅವನು ಕಲಿಸಿದ್ದು ಒಬ್ಬಳಿಗೇ.

ಸರಯೂಬೆನ್ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಚಿಕ್ಕಿಯ ತಟ್ಟೆ. ಅವನು ಗೋಡೆ ನೋಡುತ್ತಿರುವುದನ್ನು ನೋಡಿ ತಟ್ಟೆ ಕೆಳಗಿಟ್ಟಳು.

"ಎಷ್ಟು ಸಲ?" ಎಂದು ಕೇಳಿದ.

"ನಾಲ್ಕು," ಎಂದಳು. "ನಿಮಗೆ ಗೊತ್ತಾದ್ರೆ ಎದೆ ಒಡ್ಕೊತೀರ ಅಂತ ಹೇಳ್ಲಿಲ್ಲ. ಆ ಫ್ಲಾಟಲ್ಲಿ ನೀವು ಎಲ್ಲಿಗೆ ನಡ್ಕೊಂಡು ಹೋಗ್ತೀರ, ಹೇತ್ವಿಯ ಅಜ್ಜಾ? ಲಿಫ್ಟಿನ ತನಕ?"

"ನೀನು ದಿನಾ ಈ ಮನೆಗೆ ಶಾಪ ಹಾಕ್ತಿದ್ದೆಯಲ್ಲೇ."

"ಮೂವತ್ತೆರಡು ವರ್ಷ ಇದನ್ನ ಬೈಕೊಂಡೇ ಬದುಕಿದೀನಿ. ಅಲ್ಲಿ ಹೋಗಿ ಯಾರನ್ನ ಬೈಲಿ?" ಅವಳು ಬರಿ ಕಟ್ಟುಗಳತ್ತ ನೋಡಿದಳು. "ನಾಲ್ಕೇ ಸಲ ಅಲ್ವಾ ಅಂದ್ಕೊಂಡೆ."

"ನಾನು ಮೂರು ಸಲ ಅಂಟಿಸಿದೀನಿ, ಸರಯೂ."

ಕೂಡಿಸುವುದಕ್ಕೆ ಇಬ್ಬರಿಗೂ ಬೆರಳು ಬೇಕಾಗಲಿಲ್ಲ. ಮೇಲೆ ಯಾರೋ ಒಂದು ಪಟ ಕತ್ತರಿಸಿದರು, ನಲವತ್ತು ಜನ ಕುಣಿದರು, ಅಜ್ಜನ ಪೇಟದ ಮೇಲಿದ್ದ ಧೂಳು ಎಳೆಯಾಗಿ ಜಾರಿತು. ಪ್ರಬೋಧ್‌ಭಾಯಿ ತಲೆಯೆತ್ತಿ ಸೂರು ನೋಡಿದ. ಮೇಲೆ ಹೇತ್ವಿ ಇದ್ದಳು.

ಓಡಿರಿ ಎಂದು ಕೂಗಿದರೆ ನಲವತ್ತು ಜನ ಒಟ್ಟಿಗೆ ಆ ಕಡಿದಾದ ಮೆಟ್ಟಿಲಿಗೆ ನುಗ್ಗುತ್ತಾರೆ, ಆ ಮೆಟ್ಟಿಲು ಕಚ್ಚಿಕೊಂಡಿರುವುದೇ ಆ ಗೋಡೆಗೆ. ಮೊದಲು ತಲೆ ಓಡಿದ್ದು ಸರಯೂಬೆನ್‌ಗೆ. ಎದುರುಮನೆ ರಮಣಿಕ್‌ಭಾಯಿಯ ಜಗಲಿಯಲ್ಲಿ ಅವನ ಹೆಂಡತಿ ವಸುಬೆನ್ ಕೇರಿಗೆಲ್ಲ ಉಂಧಿಯು ಪಲ್ಯ ಮಾಡಿ ಹಂಡೆ ಇಳಿಸಿದ್ದಳು. ಸರಯೂಬೆನ್ ತಾರಸಿಗೆ ಹೋಗಿ, ಪಲ್ಯ ಆರಿಹೋಗುತ್ತೆ, ಜಿಲೇಬಿ ಬಿಸಿಬಿಸಿ ಬಿದ್ದಿದೆ, ನಾಲ್ಕು ನಾಲ್ಕು ಜನರಾಗಿ ಇಳೀರಿ, ಜಗಲಿಯಲ್ಲಿ ಅಷ್ಟೇ ಜಾಗ ಇರೋದು ಎಂದು ನಗುನಗುತ್ತ ಹೇಳಿದಳು. ಅಹಮದಾಬಾದಿನವರನ್ನು ತಾರಸಿಯಿಂದ ಇಳಿಸಲು ಬೆಂಕಿಗಿಂತ ಜಿಲೇಬಿಯೇ ಮೇಲು. ಬಿಜಲ್ ಮಗು ಎತ್ತಿಕೊಂಡು ಮೊದಲು ಇಳಿದಳು. ಪ್ರಬೋಧ್‌ಭಾಯಿ ಮೆಟ್ಟಿಲ ಬುಡದಲ್ಲಿ ನಿಂತು, ಒಬ್ಬೊಬ್ಬರ ಬೆನ್ನು ಮುಟ್ಟಿ ಹೊರಗೆ ಕಳಿಸಿದ.

ಕೊನೆಗೆ ಉಳಿದವನು ಕೌಶಲ್. ಪಟ ಮುಗಿಲಲ್ಲಿತ್ತು, ಎರಡು ನಿಮಿಷ ಎಂದ. ಅಪ್ಪ ಮೇಲೆ ಹೋಗಿ ಮಗನ ಕೈಯ ದಾರವನ್ನು ಮೆಲ್ಲಗೆ ಬಿಡಿಸಿದ.

"ಗಾಜು ಒಡೆದಿದೆ ಮಗಾ. ಏಳು ಸಲ. ಮೂರು ನಾನು ಮುಚ್ಚಿಟ್ಟೆ, ನಾಲ್ಕು ನಿಮ್ಮಮ್ಮ."

ಕೌಶಲ್ ಅಪ್ಪನನ್ನು ನೋಡಿದ. ಬೈದಿದ್ದರೆ ವಾಸಿಯಿತ್ತು. "ಹೇತ್ವಿ ಇಲ್ಲೇ ಮಲಗ್ತಿದ್ಲು, ಬಾಪೂ," ಎಂದಷ್ಟೇ ಹೇಳಿ ಇಳಿದು ಹೋದ. ಪ್ರಬೋಧ್‌ಭಾಯಿ ನಾಚಿಕೆಯಿಂದ ಕುಗ್ಗಿ ಅವನ ಹಿಂದೆ ಇಳಿದ. ಹೊಸ್ತಿಲು ದಾಟಿ, ಬಾಗಿಲು ಎಳೆದ. ಬಾಗಿಲು ಚೌಕಟ್ಟಿಗೆ ಕೂರಲಿಲ್ಲ.

ಇಡೀ ಮನೆ ಖಾಲಿಯಾಗಿ, ಎಲ್ಲರೂ ಬೀದಿಯಲ್ಲಿದ್ದರು. ಅವನಿಗೆ ಅಳು ಬಂತು, ಮನೆಗಾಗಿಯೋ ಬದುಕಿದ್ದಕ್ಕಾಗಿಯೋ ಅವನಿಗೇ ತಿಳಿಯಲಿಲ್ಲ. ಎದುರು ಜಗಲಿಯಲ್ಲಿ ವಸುಬೆನ್ ಸೌಟಿನಿಂದ ಬಡಿಸುತ್ತಿದ್ದಳು. ರಮಣಿಕ್‌ಭಾಯಿ ಕೈತೊಳೆದವರನ್ನೆಲ್ಲ ಉಪಚಾರ ಮಾಡಿ ತನ್ನ ಮನೆಯೊಳಗೆ ಕರೆಯುತ್ತಿದ್ದ. ಪ್ರಬೋಧನ ತಾರಸಿ ಇಲ್ಲದಿದ್ದರೇನಂತೆ, ನಮ್ಮದೂ ಇದೆಯಲ್ಲ, ನಡೀರಿ ಮೇಲೆ. ಶಿರೀಷ್‌ಭಾಯಿಯ ಮೊಮ್ಮಕ್ಕಳು ಆಗಲೇ ಮೆಟ್ಟಿಲು ಹತ್ತುತ್ತಿದ್ದವು. ಆ ತಾರಸಿಯಲ್ಲಿ ಮೊದಲೇ ಮೂವತ್ತು ಜನರಿದ್ದರು. ಅದರಾಚೆಯ ತಾರಸಿ, ಅದರಾಚೆಯದು, ತುದಿಮನೆಯ ಡಾಕ್ಟರಮ್ಮನದು, ಎಲ್ಲದರ ಅಂಚಿನಲ್ಲೂ ತಲೆಗಳು.

ದೇವರ ಮಂಟಪಕ್ಕೆ ಬೆರಳಗಲದ ಒಂದು ತುಂಡು.

ಪ್ರಬೋಧ್‌ಭಾಯಿ ಬೀದಿ ದಾಟಿದ. ನಾಲ್ಕೇ ಹೆಜ್ಜೆ. ರಮಣಿಕ್‌ಭಾಯಿಯ ಕೈ ಹಿಡಿದು, ಹಾಡಿನ ಗದ್ದಲದಲ್ಲಿ ಅವನ ಕಿವಿಗೆ ಬಾಯಿಟ್ಟ.

"ನಾನು ನಿನಗೆ ಕೊಟ್ಟ ಗಾಜು ಎಲ್ಲಿ ಅಂಟಿಸಿದೆ, ರಮಣಿಕ್? ಎಷ್ಟು ಸಲ?"

ರಮಣಿಕ್‌ಭಾಯಿ ನಗಲು ಹೋದ. ಪ್ರಬೋಧ್‌ಭಾಯಿಯ ಹಿಂದೆ ಬಾಗಿಲು ಕೂರದ ಮನೆಯನ್ನೂ, ಬೀದಿಯಲ್ಲಿ ಮಗುವನ್ನು ಅವಚಿಕೊಂಡು ನಿಂತ ಸೊಸೆಯನ್ನೂ ನೋಡಿದ. ನಗು ಇಳಿಯಿತು. ಯಾರಿಗೂ ಕಾಣದಂತೆ ಸೊಂಟದ ಬಳಿ ಎರಡು ಬೆರಳು ತೋರಿಸಿದ.

"ಮನೆಯವಳಿಗೆ ಗೊತ್ತಿಲ್ಲ," ಎಂದ ಪಿಸುದನಿಯಲ್ಲಿ.

ಅವನ ಬೆನ್ನ ಹಿಂದೆ ಹಂಡೆಯ ಮೇಲೆ ವಸುಬೆನ್‌ಳ ಸೌಟು ನಿಂತುಹೋಗಿತ್ತು. ಅವಳು ಗಂಡನ ಎರಡು ಬೆರಳನ್ನೇ ನೋಡುತ್ತಿದ್ದಳು. ಮೇಲೆ ಅವಳ ತಾರಸಿಯಲ್ಲಿ ಯಾರೋ ಒಂದು ಪಟ ಕತ್ತರಿಸಿದರು, ಎಲ್ಲರೂ ಒಟ್ಟಿಗೆ ಕುಣಿದರು.