ತಿರುಗಿ ನಿಂತ ಬೆಟ್ಟ

ಅಂದು ಬೆಳಿಗ್ಗೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ, ಬಸ್ಸಿನ ಚಾಲಕ ಮುಂದಿನ ಗಾಜನ್ನು ಮೂರು ಸಲ ಒರೆಸಿದ. ಮಂಜು ಕವಿದಿರುವುದು ಗಾಜಿಗಲ್ಲ, ಲೋಕಕ್ಕೇ ಎಂದು ಖಾತ್ರಿಯಾದ ಮೇಲೆ ಬಟ್ಟೆ ಮಡಿಸಿಟ್ಟ. ಗಾಳಿಯ ಸುಳಿವಿರಲಿಲ್ಲ. ನಿಲ್ದಾಣದ ದೀಪಗಳು ಇನ್ನೂ ಉರಿಯುತ್ತಿದ್ದವು. ಒಂದೊಂದರ ಸುತ್ತಲೂ ಒಂದೊಂದು ಹಳದಿ ಉಂಡೆ.

ಮೂರನೆಯ ಸಾಲಿನಲ್ಲಿ ಕಿಟಕಿಯ ಪಕ್ಕ ಪರದೆಯಪ್ಪ ಕೂತಿದ್ದ. ಎಪ್ಪತ್ತೆರಡು ದಾಟಿದ ಆತನಿಗೆ ಹೆತ್ತವರಿಟ್ಟ ಹೆಸರೊಂದು ಇದ್ದೇ ಇತ್ತು. ಆದರೆ ಫೋಟೋ ಸ್ಟುಡಿಯೋದಲ್ಲಿ ಗಿರಾಕಿಗಳ ಬೆನ್ನ ಹಿಂದೆ ಇಳಿಬಿಡುವ ಪರದೆಗಳಿಗೆ ಬಣ್ಣ ಬಳಿದೂ ಬಳಿದೂ ಆ ಹೆಸರು ಸವೆದು, ಇದೊಂದೇ ಉಳಿದಿತ್ತು. ತೊಡೆಯ ಮೇಲೊಂದು ಚಪ್ಪಟೆ ತಗಡಿನ ಡಬ್ಬಿ. ಎರಡೂ ಅಂಗೈ ಅದರ ಮೇಲೆ. ಪಕ್ಕದಲ್ಲಿ ಅಕ್ಕ. ವಯಸ್ಸಿನಲ್ಲಿ ಅವನಿಗಿಂತ ನಾಲ್ಕು ವರ್ಷ ದೊಡ್ಡವಳು, ಬಾಯಲ್ಲಿ ನಲವತ್ತು ವರ್ಷ ಚಿಕ್ಕವಳು.

“ಅದೇನೋ ಅದು, ಕಾವು ಕೂತ ಕೋಳಿ ಥರ ಕೂತಿದೀಯ? ಕೊಡಿಲ್ಲಿ, ಚೀಲಕ್ಕೆ ಹಾಕ್ತೀನಿ.”

“ಬೇಡ ಅಕ್ಕಾ. ಗಾಜು ಇದೆ.”

“ಬೆಟ್ಟ ನೋಡೋಕೆ ಹೋಗೋನಿಗೆ ಗಾಜು ಯಾಕೋ? ಕಣ್ಣಿಗೆ ಹಾಕ್ಕೊಂಡಿರೋದು ಸಾಲದಾ?”

ಬಸ್ಸು ಹೊರಟಿತು. ಮೊದಲ ತಿರುವು ಯಾವಾಗ ಬಂತು, ಯಾವಾಗ ಹೋಯಿತು, ಯಾರಿಗೂ ತಿಳಿಯಲಿಲ್ಲ. ದೇಹ ಒಂದು ಪಕ್ಕಕ್ಕೆ ವಾಲಿದಾಗ ತಿರುವು, ನೆಟ್ಟಗಾದಾಗ ರಸ್ತೆ ಎಂದುಕೊಳ್ಳಬೇಕು, ಅಷ್ಟೆ.

ಈ ರಸ್ತೆ ಸಾಮಾನ್ಯದ್ದಲ್ಲ. ಇಪ್ಪತ್ತೊಂದು ತಿರುವುಗಳಲ್ಲಿ ಬೆಟ್ಟವನ್ನು ಸುತ್ತಿಕೊಂಡು ಮೇಲೇರುವ ಇದನ್ನು ನೋಡಲೆಂದೇ ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ಪರದೆಯಪ್ಪನ ಪಟ್ಟಣದಲ್ಲಂತೂ ಈ ರಸ್ತೆ ಇಲ್ಲದ ಮನೆಯೇ ಇರಲಿಲ್ಲ. ಮದುವೆಯಾದವರು, ಮಗು ಹೆತ್ತವರು, ಪರೀಕ್ಷೆ ಪಾಸಾದವರು, ಎಲ್ಲರೂ ಸ್ಟುಡಿಯೋಕ್ಕೆ ಬಂದು “ಆ ಘಾಟಿ ಪರದೆ ಇಳಿಸಿ” ಎನ್ನುವರು. ಮೂವತ್ತೇಳು ವರ್ಷ ಊರಿಗೆ ಊರೇ ಆ ಪರದೆಯ ಮುಂದೆ ನಿಂತು ನಕ್ಕಿತ್ತು. ಅದನ್ನು ಬರೆದವನು ಮಾತ್ರ ಈ ಕಡೆ ಒಮ್ಮೆಯೂ ಸುಳಿದಿರಲಿಲ್ಲ. ಪುರುಸೊತ್ತಿಲ್ಲ ಎನ್ನುತ್ತಿದ್ದ. ಕಳೆದ ತಿಂಗಳು ಸ್ಟುಡಿಯೋ ಬಾಗಿಲು ಹಾಕಿತು. ಆ ನೆಪವೂ ಮುಗಿಯಿತು.

ಐದನೆಯ ತಿರುವಿನಲ್ಲಿ ಅವನು ಬಾಯಿಬಿಟ್ಟ.

“ಅಕ್ಕಾ, ಈ ಗಾಜು ನನ್ನದಲ್ಲ.”

ಹೇಳುತ್ತಾ ಹೋದ. ಮೂವತ್ತೇಳು ವರ್ಷದ ಹಿಂದೆ ರಸ್ತೆ ರಿಪೇರಿ ಕೆಲಸದವನೊಬ್ಬ, ಹೆಚ್ಚುಕಡಿಮೆ ತನ್ನದೇ ವಯಸ್ಸಿನವನು, ಬೆಟ್ಟ ಇಳಿದು ಸ್ಟುಡಿಯೋಕ್ಕೆ ಬಂದಿದ್ದ. ಕೈಯಲ್ಲೊಂದು ಗಾಜಿನ ನೆಗೆಟಿವ್. ಊರೂರು ತಿರುಗುವ ಫೋಟೋದವನೊಬ್ಬ ಮಳೆಗೆ ಸಿಕ್ಕಿಕೊಂಡು ಅವನ ಗುಡಿಸಿಲಲ್ಲಿ ಉಳಿದು, ಆ ಋಣಕ್ಕೆ ಕೊಟ್ಟುಹೋದದ್ದಂತೆ. ಬೆಟ್ಟ, ರಸ್ತೆ, ರಸ್ತೆಯಂಚಿನ ತಡೆಗೋಡೆ, ಗೋಡೆಯ ಮೇಲೆ ಕೂತ ಒಬ್ಬ ಹೆಂಗಸು. “ಇದು ನಮ್ಮಮ್ಮ. ಈಗಿಲ್ಲ. ಅವಳದ್ದು ಅಂತ ಇರೋದು ಇದೊಂದೇ. ಒಂದು ಫೋಟೋ ಮಾಡಿಕೊಡಿ” ಎಂದು ಕೇಳಿದ್ದ.

“ನಾನು ಬೆಟ್ಟ ನೋಡ್ದೆ ಅಕ್ಕಾ. ಅವಳನ್ನ ನೋಡ್ಲಿಲ್ಲ. ಇಂಥ ಪರದೆ ಬರೆದ್ರೆ ಊರೆಲ್ಲ ನಮ್ಮ ಬಾಗಿಲಿಗೇ ಬರುತ್ತೆ ಅನ್ನಿಸ್ತು. ಬಿಟ್ಟುಹೋಗಿ, ಮುಂದಿನ ವಾರ ಬನ್ನಿ ಅಂದೆ. ಅವನು ಬಂದಾಗ ಪರದೆ ಅರ್ಧವಾಗಿತ್ತು. ಗಾಜು ಒಡೆದುಹೋಯ್ತು ಅಂತ ಹೇಳಿಬಿಟ್ಟೆ.”

“ಒಡೆದಿತ್ತಾ?”

“ಇಲ್ಲ.”

“ಅವನೇನಂದ?”

“‘ಹೋಗ್ಲಿ ಬಿಡಿ, ಗಾಜು ತಾನೆ, ಒಡೀದೆ ಇರುತ್ತಾ’ ಅಂದ. ನನ್ನ ಕೈಗೆ ಗಾಯ ಆಯ್ತಾ ಅಂತ ಕೇಳ್ದ. ಹೋದ.”

ಎರಡು ತಿರುವು ಕಳೆದ ಮೇಲೆ ಅಕ್ಕ ಕೇಳಿದಳು:

“ಗೋಡೆ ಮೇಲೆ ಕೂತವಳನ್ನ ಪರದೇಲಿ ಏನು ಮಾಡ್ದೆ?”

“ಮೈಲಿಗಲ್ಲು ಮಾಡ್ದೆ. ಯಾರದೋ ಮದುವೆ ಫೋಟೋದಲ್ಲಿ ಯಾರದೋ ತಾಯಿ ಇದ್ರೆ ಆಗುತ್ತಾ?”

“ಭಗವಂತಾ” ಎಂದಳು ಅಕ್ಕ. ಬೈದಳೋ ಬೇಡಿಕೊಂಡಳೋ ತಿಳಿಯಲಿಲ್ಲ.

ಹದಿನಾಲ್ಕನೆಯ ತಿರುವಿನ ಹೊತ್ತಿಗೆ ಬಸ್ಸಿನೊಳಗೆ ಬೆಳಕು ಬಂತು. ಮೊದಲು ಚಾಲಕನ ಕಿವಿಗಳು ಕೆಂಪಾದವು. ಮರುಗಳಿಗೆ, ನೀರಿನಿಂದ ತಲೆ ಎತ್ತಿದ ಹಾಗೆ ಬಸ್ಸು ಮಂಜಿನಿಂದ ಮೇಲೆದ್ದಿತು. ಹಿಂದಿನ ಸೀಟಿನಲ್ಲಿ ಒಂದೇ ಸಮನೆ ಅಳುತ್ತಿದ್ದ ಕೂಸು ಸಹ ಬಾಯಿ ತೆರೆದಂತೆಯೇ ಸುಮ್ಮನಾಯಿತು.

ಹದಿನೇಳನೆಯ ತಿರುವಿನಲ್ಲಿ ಚಾಲಕ ಬಸ್ಸು ನಿಲ್ಲಿಸಿದ. “ಅರ್ಧ ಗಂಟೆ. ನೋಡೋರು ನೋಡ್ಕೊಳ್ಳಿ. ಗೋಡೆ ಹತ್ತೋರಿಗೆ ವಾಪಸ್ ಟಿಕೆಟ್ ಬೇಕಾಗಲ್ಲ!”

ಪರದೆಯಪ್ಪ ಇಳಿದ. ಎರಡು ಹೆಜ್ಜೆ ಇಟ್ಟು ಅಲ್ಲೇ ನಿಂತ.

ಕೆಳಗೆ ಭೂಮಿಯೇ ಇರಲಿಲ್ಲ. ಬೆಳ್ಳಗೆ ಹಾಸಿದ ಮಂಜು, ಅಂಚಿನಿಂದ ಅಂಚಿಗೆ. ಅದರೊಳಗಿಂದ ರಸ್ತೆ ಹೊರಬಂದು, ತಿರುಗಿ, ಮತ್ತೆ ತಿರುಗಿ, ಒಂದರ ಮೇಲೊಂದು ಮಡಿಕೆಯಾಗಿ ಏರಿ ಬಂದು ಅವನ ಕಾಲ ಬುಡದಲ್ಲೇ ಹಾದು, ಅಲ್ಲಿಂದ ಇನ್ನೂ ಮೇಲಕ್ಕೆ ಹೋಗಿತ್ತು. ಅದರಾಚೆ ಬೆಟ್ಟ. ಕತ್ತೆತ್ತಿದ, ಮುಗಿಯಲಿಲ್ಲ. ಇನ್ನೂ ಎತ್ತಿದ, ಟೋಪಿ ಬಿತ್ತು. ತುದಿಯಲ್ಲಿ ಬಿಸಿಲು ಆಗಷ್ಟೇ ತಗುಲಿತ್ತು. ಆ ಬಣ್ಣ ಯಾವುದು? ಐವತ್ತು ವರ್ಷ ಬಣ್ಣ ಕಲೆಸಿದ ಕೈ ತನಗರಿವಿಲ್ಲದೆ ಗಾಳಿಯಲ್ಲಿ ಕುಂಚ ಹುಡುಕಿತು. ಹಳದಿಯಲ್ಲ, ಕೆಂಪಲ್ಲ. ನೋಡುನೋಡುತ್ತಿದ್ದಂತೆ ಅದು ಬೇರೆಯಾಯಿತು, ಮತ್ತೆ ಬೇರೆಯಾಯಿತು. ಬರೆದವನು ಇನ್ನೂ ಬರೆಯುತ್ತಲೇ ಇದ್ದಾನೆ, ಕುಂಚ ಕೆಳಗಿಟ್ಟಿಲ್ಲ ಎನ್ನಿಸಿ ಅವನ ಮೈ ಜುಮ್ಮೆಂದಿತು. ಕೈ ತಾನಾಗಿ ಮುಗಿದುಕೊಂಡಿತು.

“ಇಷ್ಟು ದೊಡ್ಡದನ್ನ ಆ ಬಟ್ಟೇಲಿ ಹೇಗೋ ಹಿಡಿಸಿದೆ?” ಅಕ್ಕ ಪಿಸುಗುಟ್ಟಿದಳು.

“ಹಿಡಿಸ್ಲಿಲ್ಲ ಅಕ್ಕಾ. ಈಗ ಗೊತ್ತಾಯ್ತು.”

ಆದರೆ ನೋಡುತ್ತ ನೋಡುತ್ತ ಅವನ ಹುಬ್ಬು ಗಂಟಿಕ್ಕಿತು. ಇದು ತನ್ನ ಬೆಟ್ಟವಲ್ಲ. ಆ ಬೆಟ್ಟದ ಒಂದೊಂದು ಕೋಡೂ ಅವನಿಗೆ ಬಾಯಿಪಾಠ. ಪರದೆಯಲ್ಲಿ ಸೀಳಿದ ಕೋಡು ಎಡಕ್ಕಿತ್ತು, ಕಣಿವೆ ಬಲಕ್ಕೆ. ಇಲ್ಲಿ ಸೀಳಿದ ಕೋಡು ಬಲಕ್ಕೆ, ಕಣಿವೆ ಎಡಕ್ಕೆ.

“ಬೆಟ್ಟ ತಿರುಗಿ ನಿಂತಿದೆ!”

“ನಿನ್ನ ತಲೆ ತಿರುಗಿರಬೇಕು, ಕೂತ್ಕೋ.”

ಅವನು ಡಬ್ಬಿ ತೆರೆದ. ಹಳೆಯ ಸ್ವೆಟರಿನ ತುಂಡಿನಲ್ಲಿ ಸುತ್ತಿದ್ದ ಗಾಜನ್ನು ತೆಗೆದು ಆಕಾಶಕ್ಕೆ ಹಿಡಿದ. ನೆಗೆಟಿವಿನಲ್ಲಿ ಆಕಾಶ ಕಪ್ಪು, ಬೆಟ್ಟ ಬಿಳುಪು. ಕೋಡು ಎಡಕ್ಕಿತ್ತು, ತಾನು ಬರೆದ ಹಾಗೆಯೇ. ಮತ್ತೆ ಬೆಟ್ಟ ನೋಡಿದ. ಆಮೇಲೆ ಮೆಲ್ಲಗೆ ಗಾಜನ್ನು ಮಗುಚಿದ.

ಗಾಜಿನೊಳಗಿನ ಶಿಖರರೇಖೆ ಹೋಗಿ ಬೆಟ್ಟದ ಶಿಖರರೇಖೆಯ ಮೇಲೆ ಕೂತಿತು. ಕೋಡಿಗೆ ಕೋಡು, ಸೀಳಿಗೆ ಸೀಳು, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಅಂದು ಗಾಜನ್ನು ಕಿಟಕಿಗೆ ಒರಗಿಸುವಾಗಲೇ ಹಿಂದುಮುಂದಾಗಿತ್ತು. ಕಪ್ಪನ್ನು ಬಿಳುಪು ಮಾಡಿ, ಬಿಳುಪನ್ನು ಕಪ್ಪು ಮಾಡಿ ಬರೆದ ಜಾಣ, ಎಡಬಲ ನೋಡುವುದನ್ನೇ ಮರೆತಿದ್ದ. ಮೂವತ್ತೇಳು ವರ್ಷ ಊರಿನ ಜನರೆಲ್ಲ ಇಲ್ಲದ ಬೆಟ್ಟದ ಮುಂದೆ ನಿಂತು ನಕ್ಕಿದ್ದರು. ಒಬ್ಬರಿಗೂ ತಪ್ಪು ಕಾಣಲಿಲ್ಲ. ಬೆಟ್ಟವೂ ತನ್ನ ಪಾಡಿಗೆ ತಾನು ಇಲ್ಲಿ ಸರಿಯಾಗಿಯೇ ನಿಂತಿತ್ತು.

ಗಾಜಿನ ಕೆಳಮೂಲೆಯಲ್ಲಿ ಗೋಡೆಯೂ ಗೋಡೆಗೆ ಕೂಡಿಕೊಂಡಿತು. ಗೋಡೆಯ ಮೇಲೆ ಅವಳು. ಮಂಡಿಯ ಮೇಲೆ ಕೈಯಿಟ್ಟು, ಕತ್ತು ಕೊಂಚ ವಾಲಿಸಿ, ಯಾರೋ ಕರೆದರೆಂದು ಈ ಕಡೆ ತಿರುಗಿದ ಹಾಗೆ. ಅವನು ಗಾಜು ಇಳಿಸಿದ. ಅದೇ ಜಾಗದಲ್ಲಿ, ಅದೇ ಗೋಡೆಯ ಬುಡದಲ್ಲಿ, ಒಬ್ಬ ಮುದುಕ ಬಗ್ಗಿ, ಇಬ್ಬನಿಗೆ ಸಡಿಲಾಗಿ ಉರುಳಿದ ಕಲ್ಲುಗಳನ್ನು ಒಂದೊಂದಾಗಿ ರಸ್ತೆಯಿಂದ ಆಯ್ದು ಪಕ್ಕಕ್ಕಿಡುತ್ತಿದ್ದ.

ಅಂದು ಸ್ಟುಡಿಯೋಕ್ಕೆ ಬಂದವನು ಇವನೇ ಎಂದು ಪರದೆಯಪ್ಪನಿಗೆ ಹೊಳೆಯಿತು. ಗಾಜನ್ನು ಗೋಡೆಯ ಮೇಲಿಟ್ಟು ಸದ್ದಿಲ್ಲದೆ ಬಸ್ಸು ಹತ್ತಿಬಿಡಲೇ ಎಂದೊಂದು ಯೋಚನೆ ಬಂದುಹೋಯಿತು. ಅಕ್ಕ ಅದನ್ನೂ ಓದಿಕೊಂಡಳು.

“ಇಟ್ಟು ಬರೋಕೆ ಅದೇನು ಖಾಲಿ ಲೋಟಾನಾ? ಹೋಗಿ ಕೈಗೆ ಕೊಡು.”

ಗಾಜನ್ನು ಮತ್ತೆ ಸುತ್ತಿ ಡಬ್ಬಿಯಲ್ಲಿಟ್ಟುಕೊಂಡು ಹೋದ. ಮುದುಕ ಕಲ್ಲು ಹಿಡಿದೇ ತಲೆಯೆತ್ತಿದ.

“ನೋಡಿದ್ರಾ ಯಜಮಾನ್ರೇ? ಇವತ್ತು ಪುಣ್ಯ ಮಾಡಿದೀರಿ, ತುದಿವರೆಗೂ ಕಾಣ್ತಿದೆ.”

“ನೀವು ದಿನಾ ನೋಡ್ತೀರಲ್ಲ ಅಣ್ಣಾ, ಸಾಕಾಗಲ್ವಾ?”

“ಕೆಲಸ ಬಿಟ್ಟು ಹದಿನೈದು ವರ್ಷ ಆಯ್ತು. ಇನ್ನೂ ಬೆಳಿಗ್ಗೆ ಬಂದು ಕಲ್ಲು ಆಯ್ತೀನಿ. ಸಾಕಾಗಿದ್ರೆ ಮನೇಲಿ ಮಲಗ್ತಿರಲಿಲ್ವಾ?” ಎಂದು ನಕ್ಕ. ಮೇಲೆ ನೋಡಿದ. “ನಮ್ಮಮ್ಮ ಇಲ್ಲೇ ಕೂತ್ಕೊಳ್ತಿದ್ಳು. ಊಟ ತಂದು, ನಾನು ಉಣ್ಣೋವರೆಗೂ ಬೆಟ್ಟ ನೋಡ್ತಿದ್ಳು. ಈಗ ಅವಳ ಮುಖ ಮರೆತೇಹೋಗಿದೆ, ಸುಳ್ಳು ಯಾಕೆ ಹೇಳ್ಲಿ. ಕೂತ ರೀತಿ ಮಾತ್ರ ನೆನಪಿದೆ.”

ಪರದೆಯಪ್ಪ ಡಬ್ಬಿಯನ್ನು ಮುಂದೆ ಹಿಡಿದ. ಮೂವತ್ತೇಳು ವರ್ಷ ಕೂಡಿಟ್ಟ ಕ್ಷಮಾಪಣೆಯ ಮಾತುಗಳು ಒಂದೂ ಬಾಯಿಗೆ ಬರಲಿಲ್ಲ. ಬಂದದ್ದು ಇಷ್ಟೇ.

“ಅಣ್ಣಾ, ಅದು ಒಡೆದಿರಲಿಲ್ಲ.”

ಮುದುಕ ಅವನ ಮುಖವನ್ನೇ ದಿಟ್ಟಿಸಿದ. ಕಣ್ಣು ಮುಖದಿಂದ ಡಬ್ಬಿಗೆ ಇಳಿಯಿತು, ಡಬ್ಬಿಯಿಂದ ಬಣ್ಣ ಕಚ್ಚಿಕೊಂಡ ಉಗುರುಗಳಿಗೆ. ಕೈಯಲ್ಲಿದ್ದ ಕಲ್ಲನ್ನು ಸದ್ದಾಗದಂತೆ ಗೋಡೆಯ ಮೇಲಿಟ್ಟ. ಎರಡೂ ಅಂಗೈಗಳನ್ನು ಅಂಗಿಗೆ ಒರೆಸಿದ, ಸಾಲದೆಂದು ಮತ್ತೊಮ್ಮೆ ಒರೆಸಿದ. ಆಮೇಲೆ ಮುಂದೆ ಚಾಚಿದ.

ಬಸ್ಸಿನ ಹಾರ್ನ್ ಕೂಗಿತು. ಇಬ್ಬರೂ ತಿರುಗಲಿಲ್ಲ. ಬಿಸಿಲು ಬೆಟ್ಟ ಇಳಿದು ಗೋಡೆಯವರೆಗೆ ಬಂದಿತ್ತು. ಪರದೆಯಪ್ಪ ಉಣ್ಣೆಯ ತುಂಡು ಬಿಡಿಸಿ, ಗಾಜಿನ ಎರಡೂ ಮಗ್ಗುಲು ನೋಡಿ, ಎಡಬಲ ತಪ್ಪದಂತೆ ತಿರುಗಿಸಿ ಆ ಕೈಗಳಲ್ಲಿಟ್ಟ.