ಯಳಂದೂರಿನ ಸಂಬಂಧ

ರೇಷ್ಮೆ ವ್ಯಾಪಾರಿ ಗುರುಪಾದಸ್ವಾಮಿ ಕೊಳ್ಳೇಗಾಲದ ಮನೋರೋಗಿಗಳ ನೆರವು ಸಮಿತಿಗೆ ಸೇರಿದ್ದು ಯಾರ ಬಲವಂತಕ್ಕೂ ಅಲ್ಲ. ಅಜ್ಜೀಪುರದಲ್ಲಿ ಕಂಬಕ್ಕೆ ಕಟ್ಟಿಹಾಕಿದ್ದ ಹೆಂಗಸೊಬ್ಬಳನ್ನು ಕಂಡು ಬಂದ ದಿನ ಅವನಿಗೆ ಊಟ ಸೇರಿರಲಿಲ್ಲ. ಅದು ಎಪ್ಪತ್ತನಾಲ್ಕನೇ ಇಸವಿ. ತಿಂಗಳಿಗೊಮ್ಮೆ ಮೈಸೂರಿನಿಂದ ಡಾಕ್ಟರು ಬರುತ್ತಿದ್ದರು. ಸಮಿತಿಯವರು ಛತ್ರದಲ್ಲಿ ಶಿಬಿರ ನಡೆಸಿ ಬಿಟ್ಟಿ ಮಾತ್ರೆ ಕೊಡುತ್ತಿದ್ದರು. ಬಾಗಿಲಲ್ಲಿ ನಿಂತು ಬಂದವರನ್ನು ಕರೆದು ಕೂರಿಸುವುದು ಗುರುಪಾದಸ್ವಾಮಿಯ ಕೆಲಸ. “ಜ್ವರ ಬಂದಂಗೆ ಇದೂ ಒಂದು ಕಾಯ್ಲೆ ಕಣವ್ವ, ನಾಚ್ಕಬ್ಯಾಡಿ. ಇಲ್ಲಿಗ್ ಬಂದೋರ ಎಸ್ರು ಈ ಬಾಗ್ಲು ದಾಟಕ್ಕಿಲ್ಲ” ಎಂದು ಅವನು ಹೇಳಿದರೆ ಮುಖ ಮುಚ್ಚಿಕೊಂಡು ಬಂದವರೂ ಸೆರಗು ಸರಿಸುತ್ತಿದ್ದರು.

ಹಾಗೆ ಬಂದವಳು ನೇಕಾರ ದೇವಣ್ಣನ ಮಗಳು ಚೌಡೇಶ್ವರಿ. ತಾಯಿ ಸತ್ತ ಮೇಲೆ ಅನ್ನ ನಿದ್ದೆ ಬಿಟ್ಟು, ಯಾರೋ ಕರೆದಂತೆ ಬೀದಿಗೆ ಓಡುತ್ತಿದ್ದ ಹುಡುಗಿ ವರ್ಷದೊಳಗೆ ಮತ್ತೆ ಮಗ್ಗದಲ್ಲಿ ಕೂತಳು. ಅವಳು ನೇಯ್ದ ಸೀರೆಗಳನ್ನು ಗುರುಪಾದಸ್ವಾಮಿಯೇ ಕೊಳ್ಳುತ್ತಿದ್ದ.

ಒಂದು ಮಧ್ಯಾಹ್ನ ಯಳಂದೂರಿನ ಮುತ್ತಯ್ಯ ಅಂಗಡಿಗೆ ಬಂದ. ನೂಲು ಕೊಳ್ಳುವ ಹಳೆಯ ಗಿರಾಕಿ. ಮಗನಿಗೆ ಚೌಡೇಶ್ವರಿಯನ್ನು ನೋಡಿ ಒಪ್ಪಿ ಹೋಗಿದ್ದ.

“ಸಾವ್ಕಾರ್ರೇ, ಉಡ್ಗಿ ನಿಮ್ ಛತ್ರಕ್ಕೆ ಬತ್ತಿದ್ಲು ಅಂತ ಯಾರೋ ಅಂದ್ರು. ದಿಟವಾ?”

ದೇವಣ್ಣನನ್ನೇ ಕೇಳು ಎಂದಿದ್ದರೆ ಸಾಕಿತ್ತು. ಆದರೆ ನಾಳೆ ಕಾಯಿಲೆ ಮರುಕಳಿಸಿದರೆ, ಗೊತ್ತಿದ್ದೂ ಮುಚ್ಚಿಟ್ಟನೆಂದು ತನ್ನನ್ನು ಆಡಿಕೊಂಡಾರು ಎನಿಸಿತು. “ನನ್ ಬಾಯಲ್ಲಿ ಯಾಕಪ್ಪ ಏಳಿಸ್ತೀಯ? ಬ್ಯಾರೆ ಕಡೆನೂ ಎಣ್ಣು ಸಿಕ್ತವೆ, ನೋಡು” ಎಂದ.

ಮುತ್ತಯ್ಯ ಕೈಮುಗಿದು ಎದ್ದ. ಅವನು ಬೀದಿ ತಿರುಗುವುದರೊಳಗೆ ಗುರುಪಾದಸ್ವಾಮಿಗೆ ತಾನು ಮಾಡಿದ್ದೇನೆಂದು ಹೊಳೆಯಿತು. ಕೂಗಿ ಕರೆಯಲು ಎದ್ದವನು ಕರೆಯಲಿಲ್ಲ.

ಸಂಬಂಧ ಮುರಿಯಿತು. ಸೀರೆ ತಂದುಕೊಟ್ಟ ದೇವಣ್ಣ ಯಾರನ್ನೂ ದೂರದೆ, “ನಮ್ ಅಣೇಬರ ಸಾವ್ಕಾರ್ರೇ” ಎಂದಷ್ಟೇ ಅಂದ. ಗುರುಪಾದಸ್ವಾಮಿ ಅವನ ಮುಖ ನೋಡಲಾರದೆ ಸೀರೆಯ ಅಂಚು ನೋಡುತ್ತ ನಿಂತ. ಆಮೇಲೆ ಊಟಕ್ಕೆ ಕೂತರೂ ಅದೇ ಮಾತು, ಪೂಜೆಗೆ ಕೂತರೂ ಅದೇ ಮಾತು. ಕೊನೆಗೆ ತಾನೇ ದೇವಣ್ಣನ ಮನೆಗೆ ಹೋಗಿ ನಡೆದದ್ದನ್ನೆಲ್ಲ ಹೇಳಿ, “ಯಳಂದೂರ್ಗೆ ಓಗಿ ಮುತ್ತಯ್ಯನ ಕಾಲಿಡಿದಾದ್ರೂ ಒಪ್ಪಿಸ್ತೀನಿ” ಎಂದ.

ದೇವಣ್ಣ ತಲೆ ಎತ್ತಲಿಲ್ಲ. ಮಾತಾಡಿದವಳು ಚೌಡೇಶ್ವರಿ.

“ಬ್ಯಾಡಿ ಸಾವ್ಕಾರ್ರೇ. ನಾನೇ ಏಳ್ಬೇಕು ಅಂತಿದ್ದೆ. ಆ ಉಡ್ಗನ್ ಮುಂದೆ ಕೂತ್ಕಂಡು, ಇಂಗಿಂಗಾಗಿತ್ತು, ಈಗ ವಾಸಿಯಾಗದೆ, ಒಪ್ಪಿದ್ರೆ ಒಪ್ಪಿ ಅಂತ. ಜ್ವರ ಬಂದಂಗೆ ಅಂತ ನೀವ್ ಅಂದಿದ್ರಲ್ಲ, ಅದ್ನೇ ಏಳಾಣ ಅಂತಿದ್ದೆ.”

ಅವಳು ಸಿಟ್ಟಾಗಿ ಬೈದಿದ್ದರೆ ಅವನಿಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಅವಳು ಶಿಬಿರಕ್ಕೆ ಬರುವುದನ್ನು ಬಿಟ್ಟಳು. ಮಾತ್ರೆಗಾಗಿ ಅಪ್ಪನ ಜೊತೆ ಮೈಸೂರಿನ ಬಸ್ಸು ಹತ್ತತೊಡಗಿದಳು. ಛತ್ರದಲ್ಲಿ ಹೇಳಿದ್ದು ಊರಿಗೆ ಗೊತ್ತಾಗುತ್ತದೆಂಬ ಸುದ್ದಿ ಹಬ್ಬಿ ಉಳಿದವರೂ ಕಡಿಮೆಯಾದರು. ಯಾಕೆ ಹೀಗಾಯಿತೆಂದು ಸಮಿತಿಯವರು ತಲೆ ಕೆಡಿಸಿಕೊಂಡಾಗ ಗುರುಪಾದಸ್ವಾಮಿ ಎದ್ದು ತಪ್ಪೊಪ್ಪಿಕೊಂಡ. “ಸಮಿತಿಯಿಂದ ನನ್ನ ಬುಟ್ಬುಡಿ” ಎಂದ.

ಅಧ್ಯಕ್ಷೆ ಸರಸ್ವತಮ್ಮ ರಿಟೈರಾದ ಹೆಡ್‌ಮಿಸ್ಟ್ರೆಸ್. “ಬಿಟ್ಟು ಹೋದ್ರೆ ಹಗುರಾಗೋದು ನೀವೊಬ್ರೇ. ಬಾಗಿಲಲ್ಲಿ ಮಾತ್ರ ಇನ್ನು ನಿಲ್ಬೇಡಿ. ಹಿತ್ತಲಲ್ಲಿ ಅಡುಗೆಗೆ ಆಳು ಸಾಲದು” ಎಂದರು.

ಹಿತ್ತಲಿಗೆ ಹೋದ. ಬಂದವರಿಗೆ ಅನ್ನ ಸಾರು ಬೇಯಿಸಿದ, ನೀರು ಹೊತ್ತ.

ಮುಂದಿನ ವರ್ಷ ಒಂದು ಶಿಬಿರದ ದಿನ, ನೀರಿನ ಬಿಂದಿಗೆ ಹಿಡಿದು ಜಗಲಿಗೆ ಬಂದರೆ ಬೀದಿಯಲ್ಲಿ ಚೌಡೇಶ್ವರಿ. ಪಕ್ಕದಲ್ಲಿ ನೆರೆಮನೆಯ ಬಾಣಂತಿ ಪುಟ್ಟಮಲ್ಲಮ್ಮ, ಕೂಸಿನ ಕಡೆಗೂ ನೋಡದೆ ಎಲ್ಲೋ ಕಣ್ಣು ನೆಟ್ಟು ನಿಂತಿದ್ದಳು. ಅವಳ ರಟ್ಟೆ ಹಿಡಿದು, ಕೂಸನ್ನು ತಾನೇ ಎತ್ತಿಕೊಂಡು ಚೌಡೇಶ್ವರಿ ಮೆಲ್ಲಗೆ ಕರೆತರುತ್ತಿದ್ದಳು. ಗುರುಪಾದಸ್ವಾಮಿಯನ್ನು ಕಂಡದ್ದೇ ಅವಳ ಕಾಲು ಮೆಟ್ಟಿಲ ಹತ್ತಿರವೇ ನಿಂತಿತು.

ಅವನು ಬಿಂದಿಗೆಯನ್ನು ಅಲ್ಲೇ ಇಳಿಸಿ, ಅವರು ಒಳಗೆ ಬರಲೆಂದು ಹಿತ್ತಲ ಬಾಗಿಲಿನಿಂದ ಹೊರಟುಹೋದ. ಶಿಬಿರ ಮುಗಿಯುವವರೆಗೆ ಬಸ್‌ಸ್ಟ್ಯಾಂಡಿನಲ್ಲಿ ಕೂತಿದ್ದ.