ತಲುಪದಿದ್ದರೆ

ಹೊರದೇಶದಿಂದ ಪೆಟ್ಟಿಗೆ ಬರುವುದು ಆ ಮನೆಗೆ ಹೊಸದು. ಇಲ್ಲಿಂದ ಹೋಗುವುದಷ್ಟೇ ರೂಢಿ. ಅತ್ತೆ ಬಟ್ಟೆಯ ತುಂಡು ಜೋಡಿಸಿ ಕೌದಿ ಹೊಲಿಯುತ್ತಿದ್ದಳು. ಸೊಸೆ ಫೋನಿನಲ್ಲೇ ಅಂಗಡಿ ತೆರೆದು, ಫೋಟೋ ಹಾಕಿ ಮಾರುತ್ತಿದ್ದಳು. ಕಂಡರಿಯದ ಊರುಗಳಿಗೆ ಕಟ್ಟು ಕಟ್ಟಿ ಕಳಿಸುತ್ತಿದ್ದಳು. ಈ ಸಲ ಗಿರಾಕಿಯೇ ಬಟ್ಟೆ ಕಳಿಸಿದ್ದಳು. ತೀರಿಕೊಂಡ ಗಂಡನ ಅಂಗಿಗಳು. ಎಲ್ಲ ಸೇರಿಸಿ ಒಂದು ಕೌದಿ ಮಾಡಿಕೊಡಿ, ಒಂದು ಚೂರನ್ನೂ ಎಸೆಯಬೇಡಿ, ನನ್ನ ಹತ್ತಿರ ಅವರದು ಬೇರೇನೂ ಉಳಿದಿಲ್ಲ ಎಂದು ಬರೆದಿದ್ದಳು.

ಅತ್ತೆ ಅಂಗಿಗಳನ್ನು ಮಂಚದ ಮೇಲೆ ಹರಡಿದಳು. ಒಂದರ ಜೇಬಿನಲ್ಲಿ ಶಾಯಿಯ ಕಲೆ. ಇನ್ನೊಂದರ ಕಾಲರು ಸವೆದು, ತಿರುಗಿಸಿ ಹೊಲಿದದ್ದು.

"ಕಾಲರು ತಿರುಗಿಸಿ ಹೊಲಿದಿದ್ದಾಳೆ ನೋಡು. ಜಿಪುಣಿ."

"ಗಂಡನೇ ಎಸೆಯೋಕೆ ಬಿಟ್ಟಿರಲಿಕ್ಕಿಲ್ಲ ಅತ್ತೆ, ಇಷ್ಟದ ಅಂಗಿ ಅಂತ."

"ಅದೂ ನಿಜ. ನಿಮ್ಮ ಮಾವನೂ ಹಾಗೇ. ಬಟ್ಟೆಗಿಂತ ತೂತೇ ಜಾಸ್ತಿ ಆದ್ರೂ ಬನಿಯನ್ ಬಿಡ್ತಿರಲಿಲ್ಲ." ನಕ್ಕು ಕತ್ತರಿ ಎತ್ತಿಕೊಂಡವಳು ಮತ್ತೆ ಕೆಳಗಿಟ್ಟಳು. "ಕೈ ಬರ್ತಿಲ್ಲ ಕಣೇ. ನಾಳೆ ನೋಡೋಣ."

ಆ ನಾಳೆ ಬರುವುದಕ್ಕೆ ಬಹಳ ದಿನ ಹಿಡಿಯಿತು. ಮಾವ ಹೋದಾಗ ಅವರ ಬಟ್ಟೆಯನ್ನೆಲ್ಲ ಅತ್ತೆ ಬೀದಿಯವರಿಗೆ ಎತ್ತಿಕೊಟ್ಟಿದ್ದಳು. ಸೊಸೆಗೆ ಅದು ನೆನಪಾಯಿತು. ಆದರೆ ಆ ಮನೆಯಲ್ಲಿ ಕೆಲವು ಮಾತುಗಳನ್ನು ಆಡದೆಯೇ ಮುಗಿಸುವುದು ವಾಡಿಕೆ.

ಕೌದಿ ಮುಗಿದಾಗ ಶಾಯಿಯ ಜೇಬು ಜೇಬಾಗಿಯೇ ಉಳಿದಿತ್ತು. ಕೈ ಹಾಕಿದರೆ ಬೆರಳು ಬೆಚ್ಚಗಾಗುತ್ತಿದ್ದವು. ಸೊಸೆ ಕೌದಿಯನ್ನು ಮಡಚಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಡಬ್ಬಕ್ಕೆ ತುಂಬಿ ಅಂಚೆ ಕಚೇರಿಗೆ ಒಯ್ದಳು.

ಅಲ್ಲಿಯ ಗುಮಾಸ್ತನಿಗೆ ಊರವರು ಇಟ್ಟ ಹೆಸರು ಠಸ್ಸೆ ಮಾಮ. ಮೇಜು ನಡುಗುವ ಹಾಗೆ ಕಟ್ಟುಗಳ ಮೇಲೆ ಠಸ್ಸೆಯ ಮುದ್ರೆ ಗುದ್ದುತ್ತಿದ್ದ. ಒಳಗೇನಿದೆ ಎಂದು ಅವಳು ತುಂಬುತ್ತಿದ್ದ ಚೀಟಿಯನ್ನು ಬಗ್ಗಿ ನೋಡಿದ.

"ಹಳೇ ಬಟ್ಟೆ ಅಂತ ಬರೀಬೇಡ ತಾಯಿ. ಗಡಿಯಲ್ಲೇ ತಡೀತಾರೆ. ಹೊದಿಕೆ ಅಂತ ಬರಿ."

ಅವಳು ಹೊಡೆದು ಹಾಕಿ, ಹೊಸ ಚೀಟಿ ತೆಗೆದುಕೊಂಡು, ಅಕ್ಷರ ಅಕ್ಷರ ತಿದ್ದಿ ಹೊದಿಕೆ ಎಂದು ಬರೆದಳು. ಚೀಟಿಯ ಕೊನೆಯಲ್ಲಿ ಒಂದು ಪ್ರಶ್ನೆ: ತಲುಪದಿದ್ದರೆ ಏನು ಮಾಡಬೇಕು? ಎದುರಿಗೆ ಎರಡು ಚೌಕ. ವಾಪಸು ಕಳಿಸಿ, ಬಿಟ್ಟುಬಿಡಿ. ಚಿಕ್ಕ ವ್ಯಾಪಾರದವರು ಎರಡನೆಯದಕ್ಕೇ ಗುರುತು ಹಾಕುತ್ತಾರೆ. ವಾಪಸು ತರಿಸುವ ಖರ್ಚು ಮಾಲಿಗಿಂತ ಹೆಚ್ಚು, ಮೂಗಿಗಿಂತ ಮೂಗುತಿ ಭಾರ. ಮೊದಲ ವರ್ಷ ಮೇಜಿನ ಹಾಸೊಂದನ್ನು ವಾಪಸು ತರಿಸಿಕೊಂಡು ಅವಳು ಆ ಪಾಠ ಕಲಿತಿದ್ದಳು. ಅಂದಿನಿಂದ ಕೈ ತಾನಾಗಿಯೇ ಎರಡನೆಯ ಚೌಕಕ್ಕೆ ಹೋಗುತ್ತಿತ್ತು. ಮನಸ್ಸೆಲ್ಲ ಹೊದಿಕೆ ಎಂಬ ಪದದಲ್ಲಿದ್ದಾಗ ಆ ದಿನವೂ ಕೈ ಅಲ್ಲಿಗೇ ಹೋಯಿತು. ಠಸ್ಸೆ ಮಾಮ ಗುದ್ದಿದ.

ಕಟ್ಟು ಆ ದೇಶ ಮುಟ್ಟಿತೆಂದು ಫೋನು ಹೇಳಿತು. ಆಮೇಲೆ, ವಿಳಾಸದಲ್ಲಿ ಯಾರೂ ಇಲ್ಲ ಎಂದಿತು. ಆಮೇಲೆ ಏನೂ ಹೇಳಲಿಲ್ಲ. ಸೊಸೆ ಗಿರಾಕಿಗೆ ಸಂದೇಶದ ಮೇಲೆ ಸಂದೇಶ ಕಳಿಸಿದಳು. ಉತ್ತರ ಬಂದದ್ದು ಎಷ್ಟೋ ವಾರಗಳ ಮೇಲೆ. ಬಿದ್ದು ಸೊಂಟ ಮುರಿದುಕೊಂಡು ಆಸ್ಪತ್ರೆಯಲ್ಲಿದ್ದೆ, ಈಗ ಮನೆಗೆ ಬಂದೆ, ನನ್ನ ಕೌದಿ ಎಲ್ಲಿ?

ಸೊಸೆ ಅಂಚೆ ಕಚೇರಿಗೆ ಓಡಿದಳು. ಠಸ್ಸೆ ಮಾಮ ಕಂಪ್ಯೂಟರಿನಲ್ಲಿ ಹುಡುಕಿದ. ಹುಡುಕಿ, ಕನ್ನಡಕ ತೆಗೆದಿಟ್ಟ.

"ಅಲ್ಲಿಯ ಅಂಚೆಯವರು ಅವರ ಬಾಗಿಲಿಗೆ ಹೋಗಿದಾರೆ. ಕಾದಿದಾರೆ. ಆಮೇಲೆ ವಿಲೇವಾರಿ ಮಾಡಿದಾರೆ."

"ವಿಲೇವಾರಿ ಅಂದ್ರೆ?"

"ಬಿಟ್ಟುಬಿಡಿ ಅಂದಿದ್ದೀಯಲ್ಲ ತಾಯಿ. ಬಿಟ್ಟಿದ್ದನ್ನ ಯಾರು ಇಟ್ಕೋತಾರೆ? ಸುಡ್ತಾರೆ."

"ಒಂದು ಅರ್ಜಿ ಕೊಟ್ರೆ?"

"ಕೊಡು, ಕಳಿಸ್ತೀನಿ. ಆದ್ರೆ ಬೂದಿಗೆ ಅರ್ಜಿ ಓದೋಕೆ ಬರಲ್ಲ." ಹೇಳಿದ ಮೇಲೆ ಅವನಿಗೇ ಆ ಮಾತು ಹಿಡಿಸಲಿಲ್ಲ. ಸಾಲಿನಲ್ಲಿ ಹಿಂದಿದ್ದವರನ್ನು ಕರೆಯದೆ ಕನ್ನಡಕ ಒರೆಸತೊಡಗಿದ.

ಮನೆಗೆ ಬಂದಾಗ ಅತ್ತೆ ಹೊಲಿಗೆ ಯಂತ್ರದ ಮುಂದಿದ್ದಳು.

"ಆ ಅಂಗಿಗಳದ್ದು ಚೂರೇನಾದ್ರೂ ಮಿಕ್ಕಿದೆಯಾ ಅತ್ತೆ?"

ಯಂತ್ರ ನಿಂತಿತು. "ಎಲ್ಲಿ ಮಿಕ್ಕುತ್ತೆ? ಎಸೀಬೇಡಿ ಅಂದಿದ್ಲಲ್ಲ. ದಾರ ಸಹಿತ ಒಳಗೆ ತುಂಬಿ ಹೊಲಿದೆ. ಯಾಕೆ?"

ಸೊಸೆ ಹೇಳಿದಳು. ಚೌಕದ ವಿಷಯವನ್ನೂ ಮುಚ್ಚಿಡಲಿಲ್ಲ. ಅತ್ತೆ ಬೈಯಲಿಲ್ಲ. ಸೂಜಿಯಿಂದ ದಾರ ಬಿಡಿಸಿ ಉಂಡೆಗೆ ಸುತ್ತುತ್ತ ಕೂತಳು. ಎಷ್ಟು ಸುತ್ತಿದರೂ ಕೈ ನಿಲ್ಲಲಿಲ್ಲ.

"ಕಳೆದುಹೋಯ್ತು ಅಂತ ಬರೀಲಾ?" ಎಂದು ಸೊಸೆಯೇ ಕೇಳಿದಳು. "ದಾರೀಲಿ ಎಲ್ಲೋ."

"ಕಳೆದುಹೋಯ್ತು ಅಂದ್ರೆ ಹುಡುಕ್ತಾಳೆ. ಸಾಯೋ ತನಕ ಬಾಗಿಲು ನೋಡ್ತಾಳೆ. ಬೇಡ. ಇಲ್ಲ ಅಂತಲೇ ಬರಿ."

ಸೊಸೆ ಬರೆದಳು. ಸುಟ್ಟಿದ್ದಾರೆ, ತಪ್ಪು ನನ್ನ ಕೈಯದು ಎಂದು. ಕ್ಷಮೆ ಎಂಬ ಪದವನ್ನು ಎರಡು ಸಲ ಬರೆದು ಒಂದನ್ನು ಅಳಿಸಿದಳು. ಆಕೆ ಓದಿದ್ದಾಳೆಂದು ಫೋನು ತೋರಿಸಿತು. ಉತ್ತರ ಬರಲಿಲ್ಲ.

"ಬೈದಳಾ?" ಬೆಳಿಗ್ಗೆ ಎದ್ದ ಕೂಡಲೇ ಅತ್ತೆ ಕೇಳುತ್ತಿದ್ದಳು.

"ಇಲ್ಲ ಅತ್ತೆ."

"ಬೈಬೇಕಿತ್ತು." ಹಾಗೆಂದು ಯಂತ್ರದ ಮುಂದೆ ಕೂರುತ್ತಿದ್ದಳು.

ಹೀಗೇ ನಡೆಯಿತು. ಒಂದು ಬೆಳಿಗ್ಗೆ ಅತ್ತೆ ಕೇಳಲಿಲ್ಲ. ಮುಖ ತೊಳೆದು, ಹೊಸ ಗಿರಾಕಿಯ ಬಟ್ಟೆ ಎತ್ತಿಕೊಂಡು ಅಳತೆಗೆ ಕೂತಳು. ಸೊಸೆ ಬಾಗಿಲ ಬಳಿ ಫೋನು ಹಿಡಿದು ನಿಂತಿದ್ದಳು. ಇಲ್ಲ ಎಂದು ಹೇಳುವುದಕ್ಕಾದರೂ ಅತ್ತೆ ಕೇಳಲಿ ಎಂದು ಕಾದಳು. ಕತ್ತರಿಯ ಸದ್ದು ಶುರುವಾಯಿತು.